ಹೊರಗಣ ಹಗೇವು

ಹಗೇವು ಎಂಬ ಮಾತು ಇಂದಿನ ತರುಣರ ಕಿವಿಗೆ ಅಪರಿಚಿತವಾಗುತ್ತ ನಡೆದಿದೆಯಾದರೂ, ಡೋಣಿ ನದಿಯ ಎರೆಹೊಲಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ಅದು ಒಂದು ಮನೆತನವು ತನ್ನ ಧೈರ್ಯವನ್ನು ನೆಲದೊಳಗೆ ಹುಗಿದಿಟ್ಟುಕೊಳ್ಳುತ್ತಿದ್ದ ಸ್ಥಳದ ಹೆಸರಾಗಿದೆ. ಮುದ್ದೇಬಿಹಾಳ ತಾಲೂಕಿನ ನಮ್ಮ ಹಳ್ಳಿಯಲ್ಲಿ, ಮುತ್ಯಾನ ಮನೆಯ ಮುಂದಣ ಬಯಲಿನಲ್ಲಿ ಅಂಥವು ಮೂರು ಇದ್ದವು. ಎರೆಮಣ್ಣು ಬೇಸಗೆಯಲ್ಲಿ ಬಿರಿಯುವುದಾದ್ದರಿಂದ ಅದನ್ನು ಬಿಟ್ಟು ಗಟ್ಟಿಯಾದ ಗರಸು ನೆಲವನ್ನು ಆರಿಸಿ ತೋಡಿದ ಆ ಕುಳಿಗಳ ಬಾಯಿ ಒಬ್ಬ ಮನುಷ್ಯನು ಮೈಯನ್ನು ಹಿಡಿಮಾಡಿಕೊಂಡು ಇಳಿಯಬಹುದಾದಷ್ಟು ಕಿರಿದು, ಹೊಟ್ಟೆಯಾದರೋ ಹತ್ತಾರು ಚೀಲ ಬಿಳಿಜೋಳವನ್ನು ನುಂಗಿ ಸುಮ್ಮನಿರುವಷ್ಟು ಹಿರಿದು. ತಳಕ್ಕೂ ಗೋಡೆಗೂ ಒಣಹುಲ್ಲನ್ನೂ ಹೊಟ್ಟನ್ನೂ ಒತ್ತಿ ಹಾಸಿ, ಜೋಳವನ್ನು ಸುರಿದು, ಬಾಯಿಗೆ ಹಾಸುಗಲ್ಲನ್ನು ಮುಚ್ಚಿ, ಮೇಲೆ ಮಣ್ಣು ಮೆತ್ತಿ ಸಮಮಾಡಿಬಿಟ್ಟರೆ, ಅದರ ಮೇಲೆ ನಡೆದುಹೋಗುವ ಪರಊರಿನವನಿಗೆ ತನ್ನ ಕಾಲಡಿಯಲ್ಲಿ ಒಂದು ಮನೆಯ ಎರಡು ವರ್ಷದ ಅನ್ನವಿದೆಯೆಂಬ ಅರಿವೇ ಆಗುತ್ತಿರಲಿಲ್ಲ. 1876ರಿಂದ 1878ರ ವರೆಗೆ ಈ ನಾಡನ್ನು ಹುರಿದು ಹಾಕಿದ ಮಹಾಕ್ಷಾಮದ ಕಥೆಗಳನ್ನು ತನ್ನ ಹಿರಿಯರ ಬಾಯಿಂದ ಕೇಳಿ ಬೆಳೆದಿದ್ದ ಮುತ್ಯಾನಿಗೆ, ಮಳೆ ಬಂದ ವರ್ಷ ಹಗೇವು ತುಂಬುವುದು ವ್ಯವಹಾರವಾಗಿರದೆ ವ್ರತವಾಗಿದ್ದಿತು.

ತುಂಬುವುದಕ್ಕಿಂತಲೂ ತೆಗೆಯುವುದರಲ್ಲಿ ಹೆಚ್ಚಿನ ಎಚ್ಚರವಿದ್ದಿತು. ಬಾಯಿಗಲ್ಲನ್ನು ಸರಿಸಿದೊಡನೆ ಒಳಗಿಳಿಯಲು ಯಾರನ್ನೂ ಬಿಡುತ್ತಿರಲಿಲ್ಲ. ಬಹುದಿನ ಮುಚ್ಚಿದ್ದ ಕುಳಿಯ ಕೆಟ್ಟ ಗಾಳಿಯು ಆಳಿನ ಪ್ರಾಣವನ್ನೇ ತೆಗೆಯಬಲ್ಲುದು. ಒಂದು ಹೊತ್ತು ಹಾಗೆಯೇ ತೆರೆದಿಟ್ಟು, ಆಮೇಲೆ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಯಬಿಟ್ಟು, ಅದು ಆರದೆ ಉರಿಯುವುದನ್ನು ಕಣ್ಣಾರೆ ಕಂಡ ಬಳಿಕವೇ ಮುತ್ಯಾ ಅಪ್ಪಣೆ ಕೊಡುತ್ತಿದ್ದನು. ಇಡುವುದಕ್ಕೆ ಒಂದು ಕ್ರಮ, ತೆರೆಯುವುದಕ್ಕೆ ಒಂದು ಕ್ರಮ, ಮುಚ್ಚುವುದಕ್ಕೆ ಒಂದು ಕ್ರಮ. ಈ ಮೂರನ್ನೂ ನಾನು ಮರಳಿ ಕಲಿಯಬೇಕಾಗಿ ಬಂದುದು ಅರುವತ್ತು ದಾಟಿದ ಮೇಲೆ, ಸಿಂದಗಿಯ ನನ್ನ ಮನೆಯ ಮಾಳಿಗೆಯ ಕೋಣೆಯಲ್ಲಿ, ಲಿನಕ್ಸ್ ಇರುವ ಹಳೆಯದೊಂದು ಗಣಕಯಂತ್ರಕ್ಕೆ ಅಂಗೈಯಗಲದ ಹಾರ್ಡ್ ಡಿಸ್ಕೊಂದನ್ನು ಹೊರಗಿನಿಂದ ಜೋಡಿಸಲು ಕುಳಿತಾಗ.

ಆ ಡಿಸ್ಕಿನಲ್ಲಿ ನಾನು ತುಂಬಬೇಕಾಗಿದ್ದುದು ಹಾಡುಗಳನ್ನು. ಸಿಂದಗಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಮೂವತ್ತಕ್ಕೂ ಮಿಕ್ಕ ವರ್ಷಗಳಲ್ಲಿ, ರಜೆ ಸಿಕ್ಕಾಗಲೆಲ್ಲ ಹೆಗಲಿಗೊಂದು ಟೇಪ್ ರೆಕಾರ್ಡರು ಹಾಕಿಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ತಿರುಗಿದವನು ನಾನು. ಬೀಸುವ ಕಲ್ಲಿನ ಹಾಡು, ಸೋಬಾನೆ, ಕಣದಲ್ಲಿ ಎತ್ತುಗಳ ಹಿಂದೆ ಸುತ್ತುತ್ತ ಹಾಡುವ ಹಂತಿಯ ಹಾಡು, ಡೊಳ್ಳಿನ ಹಾಡು, ಗೀಗೀ ಪದ, ಮೊಹರಮ್ಮಿನ ರಿವಾಯತ ಪದ, ಹೀಗೆ ಮುನ್ನೂರರಷ್ಟು ಕ್ಯಾಸೆಟ್ಟುಗಳು ಕಬ್ಬಿಣದ ಟ್ರಂಕಿನಲ್ಲಿ ಕೂಡಿದ್ದವು. ಈ ಹುಚ್ಚು ನನಗೆ ಹತ್ತಿದುದು ಇಂಡಿಯ ದಾರಿಯಿಂದ ಎನ್ನಬೇಕು. ನನ್ನ ಹೆಂಡತಿಯ ತವರು ಆ ತಾಲೂಕಿನಲ್ಲಿ; ನಿಂಬೆಯ ತೋಟಗಳ ನಡುವಿನ ಆ ಊರಿಗೆ ಹೋದಾಗಲೊಮ್ಮೆ ಹಲಸಂಗಿಗೆ ಹೋಗಿ, ಮಧುರಚೆನ್ನರೂ ಸಿಂಪಿ ಲಿಂಗಣ್ಣನವರೂ ಅವರ ಗೆಳೆಯರೂ ಓಡಾಡಿದ ನೆಲವನ್ನು ಕಂಡುಬಂದಿದ್ದೆನು. ಓದಿದವರು ಹೆಂಗಸರ ಹಾಡನ್ನು ಸಾಹಿತ್ಯವೆಂದು ಎಣಿಸದೆ ಇದ್ದ ಕಾಲದಲ್ಲಿ, ಆ ಗೆಳೆಯರು ಬೀಸುವ ಕಲ್ಲಿನ ಮುಂದಿನ ಮಾತುಗಳನ್ನು ಕಿವಿಗೊಟ್ಟು ಕೇಳಿ ಕಾಗದಕ್ಕಿಳಿಸಿ, 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಅವರು ಮಾತನ್ನು ಉಳಿಸಿದರು. ದನಿಯನ್ನು ಉಳಿಸುವ ಸಾಧನವು ಅವರ ಕೈಯಲ್ಲಿರಲಿಲ್ಲ. ನನ್ನ ಕೈಯಲ್ಲಿದ್ದಿತು. ಆ ಭಾಗ್ಯದ ಋಣವನ್ನು ತೀರಿಸದೆ ಇರಲಾಗದೆಂಬ ಭಾವನೆಯೇ ನನ್ನನ್ನು ಊರಿಂದೂರಿಗೆ ನಡೆಯಿಸಿತು.

ಆದರೆ ಕ್ಯಾಸೆಟ್ಟಿನ ಆಯುಷ್ಯವು ಮನುಷ್ಯನ ಆಯುಷ್ಯಕ್ಕಿಂತ ಕಡಿಮೆಯೆಂಬುದು ನಿವೃತ್ತಿಯ ಹೊತ್ತಿಗೆ ಅರಿವಾಯಿತು. ವಿಜಯಪುರ ಸೀಮೆಯ ಬೇಸಗೆಯ ಕಾವಿನಲ್ಲಿ ಬೆಂದ ಟೇಪುಗಳು ಒಂದಕ್ಕೊಂದು ಅಂಟಿಕೊಂಡು, ದನಿಯು ನೀರಿನಡಿಯಿಂದ ಕೇಳಿಬರುವಂತೆ ಮಂಕಾಗತೊಡಗಿತು. ಅವನ್ನು ಗಣಕಕ್ಕೆ ಇಳಿಸಬೇಕೆಂದು ನಿಶ್ಚಯಿಸಿದಾಗ, ನನ್ನಲ್ಲಿ ಓದಿ ಈಗ ಸಿಂದಗಿಯಲ್ಲಿಯೇ ಗಣಕಗಳ ರಿಪೇರಿಯ ಅಂಗಡಿ ಇಟ್ಟುಕೊಂಡಿರುವ ಶಿಷ್ಯನೊಬ್ಬನು, ಯಾರೋ ಬಿಸಾಡಲಿದ್ದ ಯಂತ್ರವೊಂದನ್ನು ತಂದು, ಅದಕ್ಕೆ 120 ಜಿಬಿಯ ಹೊಸ ಡಿಸ್ಕೊಂದನ್ನು ಕೂರಿಸಿ, ಉಬುಂಟು ಎಂಬ ಲಿನಕ್ಸನ್ನು ಹಾಕಿಕೊಟ್ಟನು. 1991ರಲ್ಲಿ ಹೆಲ್ಸಿಂಕಿಯ ಇಪ್ಪತ್ತೊಂದು ವಯಸ್ಸಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ ಮನೆಯ ಗಣಕಕ್ಕಾಗಿ ಬರೆಯತೊಡಗಿ, ಬೇಕಾದವರು ನೋಡಲಿ, ತಿದ್ದಲಿ, ಹಂಚಲಿ ಎಂದು ಲೋಕದ ಮುಂದೆ ಇಟ್ಟುಬಿಟ್ಟ ಆ ತಂತ್ರಾಂಶವು ಸಿಂದಗಿಯ ಮಾಳಿಗೆಗೆ ಬಂದು ಬೀಸುವ ಪದಗಳಿಗೆ ನೆಲೆಯಾಯಿತೆಂದರೆ, ನನಗೆ ಅದರಲ್ಲಿ ಆಶ್ಚರ್ಯಕ್ಕಿಂತ ಹೆಚ್ಚಾಗಿ ಔಚಿತ್ಯವೇ ತೋರುತ್ತದೆ. ಜನಪದ ಹಾಡೂ ಹಾಗೆಯೇ ಬೆಳೆದುದಲ್ಲವೆ? ಒಬ್ಬಳು ಕಟ್ಟಿದಳು, ಇನ್ನೊಬ್ಬಳು ಒಂದು ನುಡಿ ಸೇರಿಸಿದಳು, ಯಾರೂ ಬೇಲಿ ಹಾಕಲಿಲ್ಲ. ನುಡಿ ತಂತ್ರಾಂಶದಲ್ಲಿ ಹಿಂದೆ ಬೆರಳಚ್ಚಿಸಿದ್ದ ನನ್ನ ಟಿಪ್ಪಣಿಗಳು ಅಲ್ಲಿ ಮೊದಮೊದಲು ಅರ್ಥವಿಲ್ಲದ ಪರಭಾಷೆಯ ಲಿಪಿಯಾಗಿ ಕಂಡು, ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಕನ್ನಡವಾದವು. ಆ ಕೆಲಸಕ್ಕೆ ಒಂದು ಮಳೆಗಾಲವೇ ಹಿಡಿಯಿತು.

ಲೆಕ್ಕವು ಹೀಗಿತ್ತು: ಸಿ.ಡಿ.ಯ ಗುಣಮಟ್ಟದಲ್ಲಿ ಒಂದು ಗಂಟೆಯ ದನಿಯು ಸುಮಾರು 635 ಎಂಬಿ ಸ್ಥಳವನ್ನು ಬೇಡುವುದು. ಗಂಟೆಗೊಂದರಂತೆ ಮುನ್ನೂರು ಕ್ಯಾಸೆಟ್ಟುಗಳಿಗೆ 190 ಜಿಬಿ. 120 ಜಿಬಿಯ ಕಣಜದಲ್ಲಿ ಅದು ಹಿಡಿಯದು. ಆದ್ದರಿಂದ ವಿಜಯಪುರಕ್ಕೆ ಹೋಗಿ ಒಂದು ಟಿಬಿಯ ಹೊರಗಣ ಡಿಸ್ಕನ್ನು ಕೊಂಡುತಂದೆನು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಿರುವಾಗ, 1956ರಲ್ಲಿ ಐಬಿಎಂ ಸಂಸ್ಥೆಯು ತಯಾರಿಸಿದ ಮೊತ್ತಮೊದಲನೆಯ ಡಿಸ್ಕಿನ ಸಂಗತಿಯು ನೆನಪಾಯಿತು: ಎರಡಡಿ ವ್ಯಾಸದ ಐವತ್ತು ತಟ್ಟೆಗಳು, ಕಪಾಟುಗಳಷ್ಟು ಗಾತ್ರ, ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು ಮಾತ್ರ. ನನ್ನ ಲೆಕ್ಕದಲ್ಲಿ ಅದರೊಳಗೆ ಹಾಡು ಇಪ್ಪತ್ತು ಸೆಕೆಂಡಿನಷ್ಟೇ ಹಿಡಿಯುವುದು. ಬೀಸುವಾಕೆ ನಿಧಾನವಾಗಿ ಎಳೆದು ಹಾಡುವ ಒಂದು ತ್ರಿಪದಿಯೂ ಅದರಲ್ಲಿ ಪೂರ್ತಿಯಾಗದು. ಮನೆಗೆ ಬಂದು ನೋಡಿದರೆ ಒಂದು ಟಿಬಿ ಎಂದಿದ್ದುದು 931 ಎಂದು ತೋರಿತು. ಮೋಸವಿರಬಹುದೆಂದು ಕಳವಳಗೊಂಡೆನು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುವರು, ಯಂತ್ರವು 1024ರ ಲೆಕ್ಕದಲ್ಲಿ ಎಣಿಸುವುದು, ಕಾಳು ಅಷ್ಟೇ, ಅಳೆಯುವ ಸೇರು ಬೇರೆ, ಎಂದು ಶಿಷ್ಯನು ತಿಳಿಯಹೇಳಿದ ಮೇಲೆ ಸಮಾಧಾನವಾಯಿತು.

ಯುಎಸ್‌ಬಿ ತಂತಿಯ ನೀಲಿ ನಾಲಗೆಯನ್ನು ಯಂತ್ರದ ಕಂಡಿಗೆ ಸೇರಿಸಿದೊಡನೆ ಕೆಲಸ ಮುಗಿಯಿತೆಂದು ನಾನು ಭಾವಿಸಿದ್ದೆನು. ವಿಂಡೋಸ್ ಇದ್ದ ಯಂತ್ರದಲ್ಲಿ ಹೊಸ ಡಿಸ್ಕು ಬಂದರೆ ಅದಕ್ಕೊಂದು ಅಕ್ಷರ ದೊರೆತು, ಅದು ತನ್ನ ಪಾಡಿಗೆ ಬೇರೊಂದು ಖೋಲಿಯಾಗಿ ನಿಲ್ಲುತ್ತಿದ್ದುದನ್ನು ಕಂಡಿದ್ದೆನು. ಶಿಷ್ಯನು ನಕ್ಕು ಹೇಳಿದನು:

“ಸರ, ಇದರಾಗ ಸಿ, ಡಿ, ಇ ಅಂತ ಬ್ಯಾರೆ ಬ್ಯಾರೆ ಖೋಲಿ ಇರಂಗಿಲ್ಲರಿ. ಒಂದ ಮನಿ, ಒಂದ ತಲಬಾಗಿಲ. ಹೊರಗಿಂದ ಏನ ಬಂದ್ರೂ ಆ ಮನಿಯೊಳಗ ಒಂದ ಜಾಗಾ ತೋರಿಸಿ ಕುಂದ್ರಸಬೇಕ್ರಿ.”

ಈ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಲಿನಕ್ಸಿನಲ್ಲಿ ಓರೆಗೆರೆಯೊಂದರಿಂದ ಗುರುತಿಸುವ ಒಂದೇ ಒಂದು ಬೇರು ಉಂಟು. ಇದ್ದುದೆಲ್ಲವೂ, ಬರುವುದೆಲ್ಲವೂ ಆ ಬೇರಿನಿಂದ ಚಾಚಿದ ಕೊಂಬೆ ಟಿಸಿಲುಗಳಲ್ಲಿಯೇ ನೆಲೆಗೊಳ್ಳಬೇಕು. ಹೊರಗಿನ ಡಿಸ್ಕಿಗಾಗಿ ಬರಿದಾದ ಒಂದು ಫೋಲ್ಡರನ್ನು ಮೊದಲು ನಿರ್ಮಿಸಿ, ಈ ಡಿಸ್ಕಿನ ಬಾಯಿ ಇಲ್ಲಿ ತೆರೆಯಲಿ ಎಂದು ಆಜ್ಞೆ ಕೊಡಬೇಕು. ಇದಕ್ಕೆ ಮೌಂಟ್ ಮಾಡುವುದು ಎಂದು ಹೆಸರು. ಪೆನ್‌ಡ್ರೈವನ್ನು ಚುಚ್ಚಿದಾಗ ಉಬುಂಟುವು ತಾನೇ ಈ ಕೆಲಸವನ್ನು ಮಾಡಿಮುಗಿಸುವುದಾದರೂ, ಬಂದುಹೋಗುವ ನೆಂಟನಿಗೂ ಮನೆಯಲ್ಲಿಯೇ ಉಳಿಯಬೇಕಾದವನಿಗೂ ಭೇದವಿದೆಯಲ್ಲವೆ? ಉಳಿಯುವವನಿಗೆ ನಿಶ್ಚಿತವಾದ ಸ್ಥಾನ ಬೇಕು. ನಾನು ‘ಹಾಡು’ ಎಂಬ ಹೆಸರಿನ ಫೋಲ್ಡರನ್ನು ಮಾಡಿಸಿದೆನು.

ಆದರೆ ಅದಕ್ಕೆ ಮೊದಲು ಡಿಸ್ಕನ್ನು ಹಸನು ಮಾಡುವ ಕೆಲಸವಿದ್ದಿತು. ಅದು ಅಂಗಡಿಯಿಂದ ಬಂದುದು ವಿಂಡೋಸಿನ ಎನ್‌ಟಿಎಫ್‌ಎಸ್ ಕಟ್ಟಿನಲ್ಲಿ. ಲಿನಕ್ಸು ಅದನ್ನೂ ಓದಬಲ್ಲುದು, ಬರೆಯಬಲ್ಲುದು. ಆದರೂ ಯಾವ ಫೈಲು ಯಾರದು, ಯಾರು ತಿದ್ದಬಹುದು ಎಂಬ ತನ್ನ ಹಕ್ಕುದಾರಿಕೆಯ ಲೆಕ್ಕವನ್ನು ಲಿನಕ್ಸು ಸರಾಗವಾಗಿ ಇಡುವುದು ತನ್ನದೇ ಆದ ಎಕ್ಸ್ಟ್4 ಕಟ್ಟಿನಲ್ಲಿ. ಈ ಡಿಸ್ಕು ಲಿನಕ್ಸಿನ ಮನೆಯಲ್ಲಿಯೇ ಬಾಳಬೇಕಾದುದರಿಂದ ಮರಳಿ ಫಾರ್ಮ್ಯಾಟ್ ಮಾಡುವುದೆಂದು ನಿರ್ಧರಿಸಿದೆವು. ಫಾರ್ಮ್ಯಾಟ್ ಎಂದರೆ ಇದ್ದುದನ್ನೆಲ್ಲ ಅಳಿಸುವುದು. ಕಪ್ಪು ಪರದೆಯ ಮೇಲೆ ಯಂತ್ರದಲ್ಲಿರುವ ಡಿಸ್ಕುಗಳ ಪಟ್ಟಿ ಮೂಡಿತು: ಒಳಗಿನದಕ್ಕೆ ಎಸ್‌ಡಿಎ, ಹೊರಗಿನದಕ್ಕೆ ಎಸ್‌ಡಿಬಿ. ನಡುವಣ ಭೇದವು ಒಂದೇ ಅಕ್ಷರ. ಆ ಒಂದಕ್ಷರವು ತಪ್ಪಿದರೆ ಹಾರಿಹೋಗುವುದು ಇಡಿಯ ಯಂತ್ರ.

“ಎಂಟರ್ ಒತ್ತೂಕಿಂತ ಮೊದ್ಲ ಅಳತಿ ನೋಡ್ರಿ ಸರ. ಹೆಸರ ನಂಬಬ್ಯಾಡ್ರಿ. 120ರದು ಇಲ್ಲಿ 111 ಅಂತ ಕಾಣತದ. 111 ಯಾವುದು, 931 ಯಾವುದು, ಬಾಯಿ ತೆಗದು ಅನ್ರಿ.”

ನಾನು ಬಾಯಿಬಿಟ್ಟು ಓದಿದೆನು. ಕಂದೀಲನ್ನು ಇಳಿಯಬಿಟ್ಟು ಕಾಯುತ್ತಿದ್ದ ಮುತ್ಯಾನ ಮುಖವು ಆ ಕ್ಷಣದಲ್ಲಿ ನನ್ನ ಕಣ್ಣೆದುರು ಬಂದಿತು.

ಹೆಸರನ್ನು ನಂಬಬಾರದೆಂದು ಅವನು ಹೇಳಿದುದರ ಕಾರಣವು ಮರುದಿನವೇ ತಿಳಿಯಬಂದಿತು. ಪೆನ್‌ಡ್ರೈವೊಂದನ್ನು ಮೊದಲು ಚುಚ್ಚಿ ಆಮೇಲೆ ಡಿಸ್ಕನ್ನು ಜೋಡಿಸಿದಾಗ, ನಿನ್ನೆ ಎಸ್‌ಡಿಬಿ ಎಂದಿದ್ದುದು ಇಂದು ಎಸ್‌ಡಿಸಿ ಆಗಿದ್ದಿತು. ಈ ಹೆಸರುಗಳು ಬಂದ ಕ್ರಮದಿಂದ ಹುಟ್ಟುವವು, ಬಂದವನ ಗುಣದಿಂದಲ್ಲ. ಮುತ್ಯಾನ ಮೂರನೆಯ ಹಗೇವಿನ ವಿಷಯದಲ್ಲಿಯೂ ಹೀಗೆಯೇ ಆಗಿದ್ದಿತು: ಬೇವಿನ ಗಿಡದಿಂದ ತೆಂಕಣಕ್ಕೆ ಹದಿನೇಳು ಹೆಜ್ಜೆ ಎಂಬುದೇ ಅದರ ಗುರುತಾಗಿತ್ತು, ಗಿಡವು ಗಾಳಿಗೆ ಉರುಳಿ, ಬೇರನ್ನೂ ಕಿತ್ತು ಹಾಕಿದ ಮೇಲೆ, ಹೆಜ್ಜೆಯನ್ನು ಎಲ್ಲಿಂದ ಎಣಿಸಬೇಕೆಂಬುದು ಯಾರಿಗೂ ತಿಳಿಯದೆ, ಎರಡು ದಿನ ಬಯಲನ್ನೆಲ್ಲ ಹಾರೆಯಿಂದ ತಟ್ಟಿ ನೋಡಬೇಕಾಯಿತು. ಇರುವ ಜಾಗದಿಂದಲೇ ಗುರುತಿಸಲ್ಪಡುವ ವಸ್ತುವಿನ ಗತಿಯಿದು.

ಇದಕ್ಕಾಗಿಯೇ ಡಿಸ್ಕಿಗೆ ಇನ್ನೊಂದು ಹೆಸರು ಉಂಟು. ಫಾರ್ಮ್ಯಾಟ್ ಆಗುವ ಗಳಿಗೆಯಲ್ಲಿಯೇ ಅದರ ಪಾರ್ಟಿಷನ್ನಿನ ಒಡಲೊಳಗೆ ಬರೆಯಲ್ಪಡುವ ಯುಯುಐಡಿ ಎಂಬ ಸಂಜ್ಞೆ: ಮೂವತ್ತೆರಡು ಅಂಕಾಕ್ಷರಗಳು, ನಡುನಡುವೆ ನಾಲ್ಕು ಅಡ್ಡಗೆರೆಗಳು. ಯಾವ ಕಂಡಿಗೆ ಚುಚ್ಚಿದರೂ, ಮೊದಲು ಬಂದರೂ ಕಡೆಗೆ ಬಂದರೂ, ಬೇರೆಯೊಂದು ಊರಿನ ಬೇರೆಯೊಂದು ಯಂತ್ರಕ್ಕೆ ಒಯ್ದು ಜೋಡಿಸಿದರೂ, ಅದು ಬದಲಾಗದು. ಅದನ್ನು ಪರದೆಯ ಮೇಲೆ ಕಂಡಾಗ ನನ್ನ ಬಾಯಿಂದ ತಾನಾಗಿಯೇ ಹೊರಟ ಶಬ್ದವು ‘ಅಂಕಿತ’ ಎಂಬುದು.

ಬಸವನ ಬಾಗೇವಾಡಿಯನ್ನು ಬಸವಣ್ಣನ ಜನ್ಮಸ್ಥಳವೆಂದು ಕಂಡು ಕೈಮುಗಿಯುವ ಈ ಸೀಮೆಯ ಜನರಿಗೆ ಅಂಕಿತವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ವೃತ್ತಿಯನ್ನು ಮಾಡುತ್ತ, ಮನೆಮನೆಗಳಿಂದಲೂ ಮಠಗಳಿಂದಲೂ ತಾಳೆಯೋಲೆಯ ಕಟ್ಟುಗಳನ್ನು ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರಗೆ ತಂದು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನೂ ಸ್ಥಾಪಿಸಿದರಷ್ಟೆ. ಆ ಮಹನೀಯರ ಮುಂದೆ ಬಂದ ಓಲೆಗಳಲ್ಲಿ ವಚನಗಳು ಇಂದಿನ ಪುಸ್ತಕದಂತೆ ವಿಂಗಡವಾಗಿ ಕುಳಿತಿರಲಿಲ್ಲ. ಕಟ್ಟು ಯಾರ ಮನೆಯ ಜಗುಲಿಯಲ್ಲಿ ಸಿಕ್ಕಿತೆಂಬುದರಿಂದ ವಚನವು ಯಾರದೆಂದು ತಿಳಿಯುವುದು ಸಾಧ್ಯವಿರಲಿಲ್ಲ. ತಿಳಿಸುತ್ತಿದ್ದುದು ವಚನದ ಒಡಲಲ್ಲಿಯೇ ಇದ್ದ ಅಂಕಿತ: ಕೂಡಲಸಂಗಮದೇವನೆಂದರೆ ಬಸವಣ್ಣ, ಗುಹೇಶ್ವರನೆಂದರೆ ಅಲ್ಲಮ, ಸಂಗಯ್ಯನೆಂದರೆ ನಮ್ಮ ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಕೃಷ್ಣೆಯ ದಂಡೆಗೆ ಐಕ್ಯಳಾದ ನೀಲಮ್ಮ. ಓಲೆ ಮುರಿಯಲಿ, ಕಟ್ಟು ಕಲೆಸಿಹೋಗಲಿ, ಪ್ರತಿಕಾರನು ಕ್ರಮ ತಪ್ಪಿಸಲಿ, ಅಂಕಿತವು ಉಳಿದಿದ್ದರೆ ಒಡೆಯನು ಉಳಿದನು. ಆ ವಚನರಾಶಿಯನ್ನು ಮರಳಿ ಶೋಧಿಸಿ ‘ಸಮಗ್ರ ವಚನ ಸಂಪುಟ’ಗಳ ಪ್ರಧಾನ ಸಂಪಾದಕತ್ವವನ್ನು ವಹಿಸಿದ ಎಂ. ಎಂ. ಕಲಬುರ್ಗಿಯವರು ಹುಟ್ಟಿದುದು ಸಿಂದಗಿ ತಾಲೂಕಿನ ಯರಗಲ್ಲಿನಲ್ಲಿ ಎಂಬುದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನ್ನ ಎದೆಯುಬ್ಬುತ್ತಿತ್ತು. ಅವರ ಕೊಲೆಯಾದ 2015ರ ಆಗಸ್ಟ್ 30ರ ಬಳಿಕ ಆ ಮಾತನ್ನಾಡುವಾಗ ಗಂಟಲು ಕಟ್ಟುತ್ತದೆ.

ಜಾಗದ ಹೆಸರುಗಳು ಬದಲಾಗುವ ರೀತಿಯನ್ನು ನಾನು ನನ್ನ ಫೋಲ್ಡರುಗಳಲ್ಲಿಯೇ ಕಂಡೆನು. ಡಿಸ್ಕಿನೊಳಗೆ ನಾಲ್ಕು ತಾಲೂಕುಗಳ ಹೆಸರಿನ ನಾಲ್ಕು ಫೋಲ್ಡರುಗಳನ್ನು ಮಾಡಿದಾಗ ಶಿಷ್ಯನು, ಹಲಸಂಗಿ ಈಗ ಚಡಚಣ ತಾಲೂಕಿಗೆ ಹೋಯಿತೆಂದೂ, ತಾಳಿಕೋಟೆಯೇ ಒಂದು ತಾಲೂಕಾಯಿತೆಂದೂ, ಆಲಮಟ್ಟಿಯು ಬಾಗೇವಾಡಿಯಿಂದ ನಿಡಗುಂದಿಗೆ ಸೇರಿತೆಂದೂ ಎಣಿಸಿ, ಹೊಸದಾಗಿ ವಿಂಗಡಿಸುವುದು ಲೇಸೆಂದನು. ಜಿಲ್ಲೆಯ ಹೆಸರೇ 2014ರ ನವೆಂಬರ್ ಒಂದರಂದು ಬಿಜಾಪುರದಿಂದ ವಿಜಯಪುರವಾಯಿತು. ನಾನು ಒಪ್ಪಲಿಲ್ಲ. ಹಾಡನ್ನು ಕೇಳಿದ ದಿನ ಆ ಊರು ಯಾವ ತಾಲೂಕಿನಲ್ಲಿದ್ದಿತೋ ಅಲ್ಲಿಯೇ ಅದು ಇರಲಿ. ಕಚೇರಿಯ ಗಡಿಯು ಸರಿದರೆ ಹಾಡಿನ ಊರು ಸರಿಯಲಿಲ್ಲ.

ಡಿಸ್ಕಿನ ಆ ಅಂಕಿತವನ್ನು ಎಫ್‌ಎಸ್‌ಟ್ಯಾಬ್ ಎಂಬ ಪಟ್ಟಿಯಲ್ಲಿ ಒಂದು ಸಾಲಾಗಿ ಬರೆದೆವು. ಯಂತ್ರವು ಬೆಳಿಗ್ಗೆ ಎದ್ದೊಡನೆ ಓದುವ ಆ ಪಟ್ಟಿಯ ಸಾಲಿನಲ್ಲಿ ಆರು ಅಂಕಣಗಳು: ಯಾವ ಡಿಸ್ಕು, ಯಾವ ಜಾಗ, ಯಾವ ಕಟ್ಟು, ಯಾವ ನಿಯಮ, ಮಿಕ್ಕೆರಡು ಅಂಕಣಗಳಲ್ಲಿ ಅಂಕೆಗಳು. ಕೆಲವು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಒಂದು ಮುಂಜಾನೆ ಡಿಸ್ಕನ್ನು ಜೋಡಿಸದೆಯೇ ಯಂತ್ರವನ್ನು ಚಾಲೂ ಮಾಡಿದಾಗ, ಅದು ಬಾರದ ಅತಿಥಿಗಾಗಿ ತೊಂಬತ್ತು ಸೆಕೆಂಡು ಬಾಗಿಲಲ್ಲಿ ಕಾದು ನಿಂತು, ಆಮೇಲೆ ಮನೆಯನ್ನೇ ತೆರೆಯಲೊಲ್ಲದೆ ತುರ್ತು ಸ್ಥಿತಿಯೆಂದು ಸಾರಿಬಿಟ್ಟಿತು. ಶಿಷ್ಯನು ಬಂದು ನಾಲ್ಕನೆಯ ಅಂಕಣದಲ್ಲಿ ‘ನೋಫೇಲ್’ ಎಂಬ ಒಂದು ಮಾತನ್ನು ಸೇರಿಸಿದನು. ಬಂದರೆ ಕೂರಿಸು, ಬಾರದಿದ್ದರೆ ನಿನ್ನ ಕೆಲಸ ನೀನು ನಡೆಸು ಎಂಬುದು ಅದರ ಅರ್ಥ. ಯಂತ್ರವು ಅಂದಿನಿಂದ ತಕರಾರು ಮಾಡಲಿಲ್ಲ. ಆ ಮೌನವೇ ನನಗೆ ಮುಳುವಾಯಿತು.

ತಂಗಡಗಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಎಂಬತ್ತನ್ನು ಮೀರಿದ ಒಬ್ಬ ತಾಯಿಯಿದ್ದಾಳೆ. ಎಷ್ಟೋ ವರ್ಷದಿಂದ ಹಾಡೆಂದರೂ ಒಲ್ಲೆನೆಂದವಳು, ಆ ಬೇಸಗೆಯಲ್ಲಿ ಏನು ತೋಚಿತೋ, ಮೂಲೆಗೆ ಸರಿಸಿದ್ದ ಬೀಸುವ ಕಲ್ಲನ್ನು ಮೊಮ್ಮಗಳಿಂದ ತರಿಸಿ, ಹಿಡಿ ಜೋಳವನ್ನು ಹಾಕಿಕೊಂಡು, ಮೂರು ಗಂಟೆಗಳ ಕಾಲ ನನಗೆ ಹಾಡಿದಳು. ಕಲ್ಲು ತಿರುಗದೆ ಹಾಡು ನೆನಪಿಗೆ ಬಾರದೆಂದಳು. ಮನೆಗೆ ಬಂದು, ಕೈಯಲ್ಲಿ ಹಿಡಿಯುವ ರೆಕಾರ್ಡರಿನಿಂದ ‘ಹಾಡು’ ಫೋಲ್ಡರಿಗೆ ದನಿಯನ್ನು ಸಾಗಿಸುವಂತೆ ಶಿಷ್ಯನು ಬರೆದುಕೊಟ್ಟಿದ್ದ ಆಜ್ಞೆಯನ್ನು ನಡೆಸಿ, ಅದು ಮುಗಿಯಿತೆಂದ ಮೇಲೆ ರೆಕಾರ್ಡರನ್ನು ಬರಿದು ಮಾಡಿದೆನು. ಆ ವಾರದಲ್ಲಿಯೇ ಹದಿನಾರು ಕ್ಯಾಸೆಟ್ಟುಗಳನ್ನೂ ಇಳಿಸಿದೆನು. ಐದನೆಯ ದಿನ ಮೇಜಿನ ಹಿಂದೆ ಕಸ ಗುಡಿಸುವಾಗ ಡಿಸ್ಕಿನ ತಂತಿಯು ಕಂಡಿಯಿಂದ ಸಡಿಲಿ ಹೊರಗೆ ಬಂದಿರುವುದು ಕಣ್ಣಿಗೆ ಬಿದ್ದಿತು. ಅದನ್ನು ಒತ್ತಿ ಕೂರಿಸಿ, ಯಂತ್ರವನ್ನು ಮರಳಿ ಚಾಲೂ ಮಾಡಿ, ಫೋಲ್ಡರನ್ನು ತೆರೆದೆನು. ಹಳೆಯದೆಲ್ಲ ಇದ್ದಿತು. ಆ ತಾಯಿಯ ಹಾಡು ಇರಲಿಲ್ಲ. ವಾರದ ಹದಿನಾರು ಕ್ಯಾಸೆಟ್ಟುಗಳೂ ಇರಲಿಲ್ಲ.

ಕ್ಯಾಸೆಟ್ಟುಗಳನ್ನು ಮತ್ತೆ ಇಳಿಸಬಹುದಾಗಿತ್ತು. ಆ ಮೂರು ಗಂಟೆಗಳನ್ನು ಎಲ್ಲಿಂದ ತರಲಿ? ಮರಳಿ ಹೋಗಿ ಕೇಳೋಣವೆಂದರೆ, ಹಾಡಿದ ಮೂರನೆಯ ದಿನವೇ ಆಕೆಗೆ ಜ್ವರ ಹತ್ತಿ ದನಿ ಬಿದ್ದುಹೋಗಿದೆಯೆಂದು ಮೊಮ್ಮಗಳಿಂದ ತಿಳಿದಿದ್ದಿತು. ಮುಂದಿನ ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಮುಖ ಕಂಡರೆ ಯಾರೋ ತೀರಿಕೊಂಡಿರುವಂತಿದೆಯೆಂದು ನನ್ನ ಹೆಂಡತಿಯೆಂದಳು, ಅದು ಸುಳ್ಳಾಗಿರಲಿಲ್ಲ.

ಊರಿಗೆ ಹೋಗಿದ್ದ ಶಿಷ್ಯನು ಮರಳಿ ಬಂದು ಯಂತ್ರದ ಮುಂದೆ ಕುಳಿತು, ಏನನ್ನೂ ಅಳಿಸದೆ, ಏನನ್ನೂ ಬರೆಯದೆ, ಬಹಳ ಹೊತ್ತು ಲೆಕ್ಕವನ್ನೇ ನೋಡುತ್ತಿದ್ದನು. ಒಳಗಿನ ಡಿಸ್ಕಿನಲ್ಲಿ ಕಣ್ಣಿಗೆ ಕಾಣುವ ಫೋಲ್ಡರುಗಳ ತೂಕವನ್ನೆಲ್ಲ ಕೂಡಿಸಿದರೆ ಬರುವ ಮೊತ್ತಕ್ಕೂ, ಡಿಸ್ಕು ತಾನು ತುಂಬಿರುವೆನೆಂದು ಹೇಳುವ ಮೊತ್ತಕ್ಕೂ ತಾಳೆಯಾಗುತ್ತಿರಲಿಲ್ಲ.

“ಸರ, ಹನ್ನೆರಡ ಜಿಬಿ ಲೆಕ್ಕಕ್ಕ ಸಿಗವಲ್ದು. ಅದ ಎಲ್ಲೆರ ಇರಾಕಬೇಕಲ್ರಿ?”

ಮೂರು ಗಂಟೆಯ ಹಾಡು ಎರಡು ಜಿಬಿಗೆ ತುಸು ಕಡಿಮೆ. ಹದಿನಾರು ಕ್ಯಾಸೆಟ್ಟುಗಳದು ಹತ್ತಕ್ಕೆ ತುಸು ಹೆಚ್ಚು. ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಅವನು ಹೊರಗಣ ಡಿಸ್ಕನ್ನು ಅನ್‌ಮೌಂಟ್ ಮಾಡಿದನು. ಬರಿದಾಗಿ ಕಾಣಬೇಕಾಗಿದ್ದ ‘ಹಾಡು’ ಫೋಲ್ಡರಿನಲ್ಲಿ ಎಲ್ಲವೂ ಇದ್ದವು.

ಆದ ಸಂಗತಿಯು ಇಷ್ಟು: ತಂತಿ ಸಡಿಲಿದ್ದ ದಿನಗಳಲ್ಲಿ ಆ ಫೋಲ್ಡರಿನ ಹಿಂದೆ ಹೊರಗಣ ಡಿಸ್ಕಿರಲಿಲ್ಲ, ನೋಫೇಲ್ ಎಂದು ಬರೆದಿದ್ದರಿಂದ ಯಂತ್ರವು ಅದನ್ನು ಹೇಳಲಿಲ್ಲ, ನಾನು ತುಂಬಿದುದೆಲ್ಲ ಒಳಗಿನ ಡಿಸ್ಕಿನ ಬರಿಯ ಫೋಲ್ಡರಿನಲ್ಲಿಯೇ ಬಿದ್ದಿತು. ಆಮೇಲೆ ಡಿಸ್ಕು ಬಂದು ಅದೇ ಸ್ಥಾನದಲ್ಲಿ ಬಾಯಿ ತೆರೆದಾಗ, ಕೆಳಗಿದ್ದುದು ಮರೆಯಾಯಿತು. ಒಂದು ಫೋಲ್ಡರಿನ ಮೇಲೆ ಡಿಸ್ಕನ್ನು ಮೌಂಟ್ ಮಾಡಿದರೆ ಅದರಲ್ಲಿ ಮೊದಲಿದ್ದುದು ನಾಶವಾಗದು, ಕಾಣದಾಗುವುದಷ್ಟೆ. ಮೇಲಿನದನ್ನು ಇಳಿಸಿದೊಡನೆ ಇದ್ದಂತೆಯೇ ದೊರೆಯುವುದು. ಹಗೇವಿನ ಬಾಯಿಗಲ್ಲಿನ ಕೆಳಗೆ ಜೋಳವು ಕುಳಿತಿರುವಂತೆ ಆ ತಾಯಿಯ ದನಿಯು ಅಲ್ಲಿಯೇ ಕುಳಿತಿದ್ದಿತು. ನಾನು ನಾಲ್ಕು ದಿನ ಅದರ ಮೇಲೆಯೇ ಅಳುತ್ತ ತಿರುಗಿದ್ದೆನು. ಫೈಲೊಂದನ್ನು ತೆರೆದಾಗ ಮೊದಲು ಕೇಳಿಬಂದುದು ಕಲ್ಲಿನ ಸದ್ದು, ಆಮೇಲೆ ಆಕೆಯ ಬಳೆಯ ಸದ್ದು, ಆಮೇಲೆ ಹಾಡು. ಶಿಷ್ಯನು ಕಣ್ಣೊರಸಿಕೊಂಡನು. ನಾನು ಅವನ ತಲೆಯ ಮೇಲೆ ಕೈಯಿಟ್ಟೆನು.

ಅಂದಿನಿಂದ ಆ ಬರಿಯ ಫೋಲ್ಡರಿಗೆ ಬೀಗ ಹಾಕಲಾಗಿದೆ: ಡಿಸ್ಕು ಬಂದು ಕೂರದೆ ಇದ್ದಾಗ ಅದರಲ್ಲಿ ಯಾರೂ, ಒಡೆಯನಾದ ನಾನೂ ಸಹ, ಏನನ್ನೂ ಬರೆಯುವಂತಿಲ್ಲ. ಸಾಗಿಸುವ ಆಜ್ಞೆಯೂ ಈಗ ಮೊದಲು ಡಿಸ್ಕು ತನ್ನ ಸ್ಥಾನದಲ್ಲಿದೆಯೆ ಎಂದು ಕೇಳಿಕೊಂಡು ಮುಂದುವರಿಯುತ್ತದೆ. ತೆಗೆಯುವಾಗಲೂ ತಂತಿಯನ್ನು ಹಾಗೆಯೇ ಕೀಳುವುದಿಲ್ಲ. ಬರೆಯೆಂದು ನಾವು ಕೊಟ್ಟುದನ್ನು ಯಂತ್ರವು ಒಡನೆಯೇ ಡಿಸ್ಕಿಗೆ ಇಳಿಸದೆ ಕೆಲಕಾಲ ತನ್ನ ನೆನಪಿನಲ್ಲಿ ಹಿಡಿದುಕೊಂಡಿರುವುದು. ಅನ್‌ಮೌಂಟ್ ಮಾಡಿದಾಗ ಅದನ್ನೆಲ್ಲ ಡಿಸ್ಕಿಗೊಪ್ಪಿಸಿ ಬೀಳ್ಕೊಡುವುದು. ನಮ್ಮಲ್ಲಿ ಯಾರೂ ಹೋಗುತ್ತೇನೆಂದು ಹೇಳಿ ಹೊಸ್ತಿಲು ದಾಟುವುದಿಲ್ಲ, ಹೋಗಿಬರುತ್ತೇನೆನ್ನುತ್ತಾರೆ. ಒಳಗಿನವರು ಹೂಂ ಎನ್ನುವ ವರೆಗೆ ನಿಲ್ಲುತ್ತಾರೆ. ನಾನೂ ಪರದೆಯ ಮೇಲೆ ಆ ಹೂಂಕಾರವು ಮೂಡುವ ವರೆಗೆ ತಂತಿಯನ್ನು ಮುಟ್ಟುವುದಿಲ್ಲ.

ಮುತ್ಯಾ ಮೂರು ಹಗೇವುಗಳನ್ನು ಇಟ್ಟುಕೊಂಡಿದ್ದುದು ಜೋಳ ಹೆಚ್ಚಾಗಿತ್ತೆಂದಲ್ಲ, ಒಂದಕ್ಕೆ ನೀರಿಳಿದರೆ ಇನ್ನೊಂದಿರಲೆಂದು. ಆದ್ದರಿಂದ ಎರಡನೆಯ ಡಿಸ್ಕೊಂದನ್ನು ಕೊಂಡು, ಎಲ್ಲವನ್ನೂ ಪ್ರತಿಮಾಡಿ, ಬಸವನ ಬಾಗೇವಾಡಿಯಲ್ಲಿರುವ ಮಗಳ ಮನೆಯಲ್ಲಿಟ್ಟಿದ್ದೇನೆ. ಅದರ ಅಂಕಿತವು ಬೇರೆ, ಕಾಳು ಒಂದೇ. ಮೂರನೆಯದನ್ನು ಇಂಡಿಯಲ್ಲಿಡುವ ವಿಚಾರವಿದೆ.

ಮಳೆಗಾಲ ಮುಗಿದ ಮೇಲೆ ಆ ಹಳ್ಳಿಗೆ ಹೋಗಿ, ಚೇತರಿಸಿಕೊಂಡಿದ್ದ ಆ ತಾಯಿಗೆ ಅವಳ ಹಾಡನ್ನು ಅವಳಿಗೇ ಕೇಳಿಸಿದೆನು. ಕಟ್ಟೆಯ ಮೇಲೆ ಕುಳಿತು, ಕಣ್ಣುಮುಚ್ಚಿ, ಬಲಗೈಯನ್ನು ಕಲ್ಲು ತಿರುವುವಂತೆ ಮೆಲ್ಲಗೆ ಆಡಿಸುತ್ತ, ಕಡೆಯ ವರೆಗೂ ಕೇಳಿದಳು. ವಚನಕ್ಕಾದರೆ ಅಂಕಿತವುಂಟು; ಬೀಸುವ ಹಾಡಿಗೆ ಅದಿಲ್ಲ. ಆ ಕೊರತೆಯನ್ನು ಫೈಲಿನ ಹೆಸರಿನಲ್ಲಾದರೂ ತುಂಬಬೇಕೆಂದು ನನ್ನ ಆಸೆ.

“ಯವ್ವಾ, ಇದಕ್ಕ ನಿಮ್ಮ ಹೆಸರ ಹಾಕಲೇನ್ರಿ?” ಎಂದು ಕೇಳಿದೆನು.

“ನನ್ನ ಹೆಸರ ಯಾಕ, ಮಾಸ್ತರಾ? ನಾ ಏನ ಕಟ್ಟೀನಿ? ನಮ್ಮವ್ವ ಹೇಳಿಕೊಟ್ಟಾಳ, ಆಕಿಗೆ ಆಕಿ ಅವ್ವ ಹೇಳಿಕೊಟ್ಟಾಳ. ಅವ್ವನ ಹಾಡ ಅಂತ ಬರಕೋ.”

ಸಂಜೆಯ ಬಸ್ಸಿಗೆ ಸಿಂದಗಿಗೆ ಮರಳಿ, ಡಿಸ್ಕನ್ನು ಜೋಡಿಸಿ, ಅದು ತನ್ನ ಸ್ಥಾನದಲ್ಲಿ ಕುಳಿತಿರುವುದನ್ನು ನೋಡಿಕೊಂಡು, ಮುದ್ದೇಬಿಹಾಳದ ಫೋಲ್ಡರಿನಲ್ಲಿ ಊರಿನ ಹೆಸರನ್ನು ಬರೆದೆನು, ದಿನಾಂಕವನ್ನು ಬರೆದೆನು, ಹಾಡಿದವರು ಎಂಬಲ್ಲಿ ‘ಅವ್ವ’ ಎಂದು ಬರೆದೆನು. ಆಮೇಲೆ ಅನ್‌ಮೌಂಟ್ ಮಾಡಿ, ತಂತಿಯನ್ನು ಬಿಡಿಸಿ, ಡಿಸ್ಕನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಹಲಗೆಯಲ್ಲಿಟ್ಟೆನು.